ಸಾರಿಗೆಗೆ ಸೇಲ್ಸ್ ಟ್ಯಾಕ್ಸ್ ಏರಿಸುವ ಜನಮತಕ್ಕೆ ನಮ್ಮ ಸಿಟಿ ಕೌನ್ಸಿಲ್ ಒಮ್ಮತದ ಬೆಂಬಲ ಕೊಟ್ಟಿದೆ. ರೈಲು ಬರುವ ಕಡೆ ಈಗಲೇ ಮನೆ ತಗೊಳ್ಳಬಹುದಾ?

ಬೇಡ. ಇದೇ ಲೆಕ್ಕ ಹಾಕಿ ಮನೆ ತಗೊಂಡವನು ನಾನು. ನಾರ್ತ್ ಕ್ಯಾರೊಲೈನಾದಲ್ಲಿ, ಷಾರ್ಲೆಟ್ ಪಕ್ಕದ ಮ್ಯಾಥ್ಯೂಸ್‌ನಲ್ಲಿ.

ನನ್ನ ಹೆಂಡತಿಗೆ ಲೈಸೆನ್ಸ್ ಇದೆ, ಆದರೆ ದೊಡ್ಡ ರಸ್ತೆಗೆ ಇಳಿದರೆ ಕೈ ಬೆವರುತ್ತೆ. ಅವಳ ಆಫೀಸು ಅಪ್‌ಟೌನ್‌ನಲ್ಲಿ, ಅಂದ್ರೆ ಷಾರ್ಲೆಟ್ ನಗರದ ನಡುಭಾಗದಲ್ಲಿ. ಆಗ ಸಿಲ್ವರ್ ಲೈನ್ ಅಂತ ಒಂದು ಲೈಟ್ ರೈಲಿನ ಯೋಜನೆ ಎಲ್ಲರ ಬಾಯಲ್ಲೂ ಇತ್ತು. ಪಶ್ಚಿಮಕ್ಕೆ ಬೆಲ್ಮಾಂಟ್‌ನಿಂದ ಹೊರಟು ಏರ್‌ಪೋರ್ಟ್, ಅಪ್‌ಟೌನ್ ಹಾದು, ನಮ್ಮ ಮ್ಯಾಥ್ಯೂಸ್ ದಾಟಿ, ಯೂನಿಯನ್ ಕೌಂಟಿಯವರೆಗೆ. ಮನೆ ತೋರಿಸಿದ ಏಜೆಂಟ್ ನಕ್ಷೆಯನ್ನು ಅಡುಗೆಮನೆಯ ಕಟ್ಟೆ ಮೇಲೆ ಹರಡಿ, ಬೂದು ಗೆರೆಯ ಮೇಲಿನ ಒಂದು ಚುಕ್ಕೆಗೆ ಪೆನ್ನಿನ ತುದಿ ಕುಟ್ಟಿ, ‘ಇದು ನಿಮ್ಮ ಸ್ಟೇಷನ್, ನಡಕೊಂಡೇ ಹೋಗಬಹುದು’ ಅಂದ. ಆ ಚುಕ್ಕೆಗೆ ನಾವು ಬೇರೆ ಕಡೆಗಿಂತ ಜಾಸ್ತಿನೇ ಕೊಟ್ಟೆವು.

ತಪ್ಪು ಎಲ್ಲಿ ಆಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋ ಹಾಗಿದೆ. ನಕ್ಷೆ ಸುಳ್ಳಲ್ಲ. ಅದು ಅಧಿಕೃತವಾಗಿ ಒಪ್ಪಿಗೆಯಾದ ನಕ್ಷೆಯೇ. ನಾನು ಒಪ್ಪಿಗೆ ಅಂದ್ರೆ ದುಡ್ಡು ಅಂದ್ಕೊಂಡೆ. ಷಾರ್ಲೆಟ್, ಮ್ಯಾಥ್ಯೂಸ್ ಇರೋ ಮೆಕ್ಲೆನ್‌ಬರ್ಗ್ ಕೌಂಟಿ ಜನ 1998ರಲ್ಲೇ ಸಾರಿಗೆಗೆ ಅಂತ ಡಾಲರಿಗೆ ಅರ್ಧ ಸೆಂಟ್ ತೆರಿಗೆಗೆ ಹೂಂ ಅಂದಿದ್ದರು. ಅದರಿಂದ 2007ರಲ್ಲಿ ಬ್ಲೂ ಲೈನ್ ಅನ್ನೋ ಲೈಟ್ ರೈಲು ಬಂತು, 2018ರಲ್ಲಿ ಅದು ಯೂನಿವರ್ಸಿಟಿವರೆಗೆ ಬೆಳೀತು. ಅದರಲ್ಲಿ ಓಡಾಡಿದ್ದ ನನಗೆ, ಮುಂದಿನದೂ ಹೀಗೇ ಬರುತ್ತೆ ಅನ್ನೋ ಧೈರ್ಯ. ಆದರೆ ಆ ಅರ್ಧ ಸೆಂಟು ಓಡ್ತಿರೋ ಬಸ್ಸು-ರೈಲು ನೋಡ್ಕೊಳ್ಳೋಕೆ ಸಾಕಾದರೆ ಹೆಚ್ಚು. ಹೊಸ ಲೈನಿಗೆ ಹೊಸ ತೆರಿಗೆ ಬೇಕು. ಇಲ್ಲಿ ಸಿಟಿ ಕೌನ್ಸಿಲ್ ತಾನಾಗಿ ಜನಮತ ಕರೆಯೋ ಹಾಗಿಲ್ಲ. ರಾಲಿಯಲ್ಲಿರೋ ರಾಜ್ಯದ ಶಾಸಕಾಂಗ ಮೊದಲು ಅನುಮತಿ ಕೊಡಬೇಕು, ಆಮೇಲೆ ಕೌಂಟಿ ಕಮಿಷನರ್‌ಗಳು ಮತಪತ್ರಕ್ಕೆ ಹಾಕಬೇಕು. ಕೌನ್ಸಿಲ್ ಬೆಂಬಲ ಅಂದ್ರೆ ಮದುವೆಗೆ ಹುಡುಗನ ಸೋದರಮಾವ ಒಪ್ಪಿದ ಹಾಗೆ.

ಅನುಮತಿ ಕೊಡೋರು ಸುಮ್ಮನೆ ಕೊಡ್ತಾರಾ? ರೈಲಿಗೆ ಜಾಸ್ತಿ ಸುರಿಯಬೇಡಿ, ರಸ್ತೆ ನೋಡಿ ಅಂದರು. ಚೌಕಾಸಿ ಮುಗಿದಾಗ ಬಂದ ಪಾಲು: 40% ರಸ್ತೆಗೆ, 40% ರೈಲಿಗೆ, 20% ಬಸ್ಸಿಗೆ. ರೈಲಿನ 40%ರಲ್ಲೂ ಮೊದಲ ಮಣೆ ಉತ್ತರದ ಹಂಟರ್ಸ್‌ವಿಲ್, ಡೇವಿಡ್‌ಸನ್ ಕಡೆಯ ರೆಡ್ ಲೈನ್ ಅನ್ನೋ ಇನ್ನೊಂದು ರೈಲು ಯೋಜನೆಗೆ. ಅದರ ಹಳಿಯನ್ನು ನಾರ್ಫೋಕ್ ಸದರ್ನ್ ರೈಲು ಕಂಪನಿಯಿಂದ 9.1 ಕೋಟಿ ಡಾಲರಿಗೆ ಕೊಳ್ಳೋಕೆ ಷಾರ್ಲೆಟ್ 2024ರಲ್ಲಿ ಒಪ್ಪಿತು. ಉಳಿದದ್ದರಲ್ಲಿ ಸಿಲ್ವರ್ ಲೈನನ್ನು ಮ್ಯಾಥ್ಯೂಸ್ ಮುಟ್ಟೋಕೆ ಎಷ್ಟೋ ಮುಂಚೆ, ಷಾರ್ಲೆಟ್‌ನ ಬೊಜಾಂಗಲ್ಸ್ ಕೊಲಿಸಿಯಮ್ ಕ್ರೀಡಾಂಗಣದ ಹತ್ತಿರ ಮೊಟಕು ಮಾಡಿದರು. ನಮಗೆ ರೈಲಿನ ಬದಲು ಬಸ್ಸು. ಮ್ಯಾಥ್ಯೂಸ್ ಟೌನು ವಿರೋಧಿಸಿತು, ಕೇಳೋರಿರಲಿಲ್ಲ. ನಮಗೆ ಎರಡನೇ ಕಾರು, ಅದರ ಇನ್ಶೂರೆನ್ಸು, ಅಪ್‌ಟೌನ್ ಪಾರ್ಕಿಂಗು, ಎಲ್ಲಾ ತಲೆ ಮೇಲೆ ಬಂತು.

ಒಮ್ಮತ ಅಂತ ಬೇರೆ ಬರೆದಿದ್ದೀರಿ. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಪ್ರದೇಶದ 10 ಕೌಂಟಿಗಳಲ್ಲಿ 2012ರಲ್ಲಿ ಸಾರಿಗೆಗೆ ಒಂದು ಸೆಂಟ್ ತೆರಿಗೆ ಜನರ ಮುಂದೆ ಬಂತು. ಕಾಮಗಾರಿ ಪಟ್ಟಿಗೆ ಮೇಯರ್‌ಗಳು, ಕೌಂಟಿ ಮುಖ್ಯಸ್ಥರು ಒಮ್ಮತದಿಂದಲೇ ಕೈಯೆತ್ತಿದ್ದರು. ಆಗಿನ ಅಟ್ಲಾಂಟಾ ಮೇಯರ್ ಕಾಸಿಮ್ ರೀಡ್ ಡೆಮಾಕ್ರಾಟ್, ಗವರ್ನರ್ ನೇಥನ್ ಡೀಲ್ ರಿಪಬ್ಲಿಕನ್, ಇಬ್ಬರೂ ಪರ. ಜನ ಸುಮಾರು 63% ಬೇಡ ಅಂದರು. ಆ ಹತ್ತರಲ್ಲಿ ಒಂದಾದ ಗ್ವಿನೆಟ್ ಕೌಂಟಿಯಲ್ಲಿ ಸಾರಿಗೆ ತೆರಿಗೆ 2019, 2020, 2024 ಮೂರು ಸಲವೂ ಬಿದ್ದುಹೋಯ್ತು.

ನಮ್ಮ ಮೆಕ್ಲೆನ್‌ಬರ್ಗ್‌ನಲ್ಲಿ ಹೊಸ ತೆರಿಗೆ 2025ರ ನವೆಂಬರ್‌ನಲ್ಲಿ ಗೆದ್ದಿತು, ಅದೂ ಸುಮಾರು 52%ರಲ್ಲಿ. ತೆರಿಗೆ 7.25%ರಿಂದ 8.25%ಗೆ. ನಾನೂ ಹೂಂ ಅಂತಲೇ ಹಾಕಿದೆ, ನಂಬ್ತೀರೋ ಇಲ್ವೋ. ಸಿಟ್ಟು ಇತ್ತು. ಆದರೆ ಮ್ಯಾಥ್ಯೂಸ್‌ನಲ್ಲಿ ಬಸ್ಸಿಗೆ ಕಾಯೋ ಜನ ನನ್ನ ಹಾಗೆ ನಕ್ಷೆ ನೋಡಿ ಮನೆ ತಗೊಂಡವರಲ್ಲ. ಅಂಗಡಿ, ಆಸ್ಪತ್ರೆಗಳಲ್ಲಿ ಪಾಳಿ ಮಾಡೋರು. ನನ್ನ ಮನೆಯ ಹಟಕ್ಕೆ ಅವರ ಬಸ್ಸು ಯಾಕೆ ಕೆಡಿಸಲಿ? ತರಕಾರಿ, ಅಕ್ಕಿ, ಬೇಳೆ, ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಈ ಹೊಸ ಸೆಂಟು ತಾಗಲ್ಲ ಅನ್ನೋದೂ ಒಂದು ಸಮಾಧಾನ.

ಹಾಗಾಗಿ ವೋಟು ಬೇರೆ, ಮನೆ ಬೇರೆ ಇಟ್ಕೊಳ್ಳಿ. (ಗ್ರೀನ್ ಕಾರ್ಡ್ ಇದ್ದರೆ ವೋಟಿನ ಪ್ರಶ್ನೆಯೇ ಇಲ್ಲ, ತೆರಿಗೆ ಮಾತ್ರ ನಿಮ್ಮದೂ ಹೌದು.) ಮನೆ ತಗೊಳ್ಳಲೇಬೇಕು ಅಂದ್ರೆ ಇವತ್ತು ಬಸ್ ಬರೋ ಜಾಗ ನೋಡಿ. ಕೌನ್ಸಿಲ್ ನಿರ್ಣಯ ಓದಬೇಡಿ, ದುಡ್ಡು ಯಾವುದಕ್ಕೆ ಎಷ್ಟು ಅಂತ ಬರೆದಿರೋ ಒಪ್ಪಂದ ಓದಿ. ನಿಮ್ಮ ಸ್ಟೇಷನ್ ಹೆಸರು ಅದರಲ್ಲಿ ಇಲ್ಲದಿದ್ದರೆ, ಏಜೆಂಟ್ ಎಷ್ಟೇ ಪೆನ್ನು ಕುಟ್ಟಿದರೂ ಬೆಲೆಯಿಂದ ಆ ಸ್ಟೇಷನ್ ದುಡ್ಡು ಕಳೆದು ಹೇಳಿ.