ಅಸ್ತೂರಿಯಾಸ್‌ನಲ್ಲಿ ಮನೆ: ಕಡಲೋ ಗುಡ್ಡವೋ ಎನ್ನುವ ಮೊದಲು ನೋಟಾ ಸಿಂಪ್ಲೆ ತೆಗೆಸಿ

ಡಬ್ಲಿನ್‌ನಲ್ಲಿರುವ ನೀವು ಉತ್ತರ ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಹಳೆಯ ಕಲ್ಲಿನ ಮನೆ ಕೊಳ್ಳಲು ಹೊರಟಿದ್ದೀರಿ. ಕಡಲ ಬದಿ ಒಳ್ಳೆಯದೋ ಗುಡ್ಡದ ಬದಿಯೋ, ಮನೆ ಕೊಂಡರೆ ಅಲ್ಲಿ ವಾಸಕ್ಕೆ ಅನುಮತಿ ಸಿಗುತ್ತದೆಯೋ ಎಂದು ಕೇಳಿದ್ದೀರಿ. 2019ರಲ್ಲಿ ನಾನು ಮತ್ತು ನನ್ನ ಹೆಂಡತಿ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನಿಟ್ಟುಕೊಂಡು ಜರ್ಮನಿಯಿಂದ ಯಾನೆಸ್ ಪಟ್ಟಣಕ್ಕೆ ಬಂದಿಳಿದೆವು.

ವಾರವಿಡೀ ಅಲೆದ ಮೇಲೆ, ಇಪ್ಪತ್ತು ಮನೆಗಳೂ ಇಲ್ಲದ ಒಂದು ಹಳ್ಳಿಯಲ್ಲಿ ನಮಗೆ ಆ ಮನೆ ಸಿಕ್ಕಿತು. ಮನೆಗಿಂತ ಹೆಚ್ಚಾಗಿ ಅಂಗಳದಲ್ಲಿದ್ದ ಓರ್ರಿಯೊ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಓರ್ರಿಯೊ ಎಂದರೆ ಅಲ್ಲಿನ ಕಣಜ: ನಾಲ್ಕು ಕಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಂತ ಚೌಕಾಕಾರದ ಮರದ ಕೋಣೆ. ಇಲಿ ಹತ್ತದಂತೆ ಪ್ರತಿ ಕಂಬದ ತಲೆಯ ಮೇಲೂ ಬೀಸುಕಲ್ಲಿನಂಥ ಚಪ್ಪಟೆ ಕಲ್ಲನ್ನು ಇಟ್ಟಿರುತ್ತಾರೆ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯ ಕಣಜ ಕಣ್ಣಮುಂದೆ ಬಂದು, ನಾನು ಅಲ್ಲೇ ಮನಸೋತೆ.

ಬೆಲೆ 95,000 ಯೂರೊ. ಮಧ್ಯವರ್ತಿ ನಮ್ಮ ಕೈಗೆ ಕತಾಸ್ತ್ರೊ ದಾಖಲೆಯ ಪ್ರತಿಯೊಂದನ್ನು ಕೊಟ್ಟರು. ಅದರಲ್ಲಿ ನಕ್ಷೆಯಿತ್ತು, ವಿಸ್ತೀರ್ಣವಿತ್ತು, ಜಾಗದ ಗೆರೆಯೊಳಗೇ ಓರ್ರಿಯೊ ಕೂಡ ಇತ್ತು. ಅದನ್ನೇ ನಾವು ಒಡೆತನದ ಪತ್ರವೆಂದು ತಿಳಿದೆವು. ನಾವು ಮಾಡಿದ ತಪ್ಪು ಇದೊಂದೇ, ಆದರೆ ಇದನ್ನು ನಿಮಗೆ ಬಿಡಿಸಿ ಹೇಳಲೇಬೇಕು. ಕತಾಸ್ತ್ರೊ ಎಂಬುದು ತೆರಿಗೆಗಾಗಿ ಇಟ್ಟ ದಾಖಲೆ, ನಮ್ಮ ಖಾತೆ ಇದ್ದ ಹಾಗೆ. ಆಸ್ತಿ ಯಾರದು, ಎಷ್ಟು ಪಾಲು, ಮೇಲೆ ಸಾಲವಿದೆಯೇ ಎಂಬುದನ್ನು ಹೇಳುವುದು ಆಸ್ತಿ ನೋಂದಣಿ ಕಚೇರಿ. ಅಲ್ಲಿಂದ ಸಿಗುವ ಸಾರಾಂಶದ ಪ್ರತಿಗೆ ನೋಟಾ ಸಿಂಪ್ಲೆ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಹತ್ತು ಯೂರೊ ಆಸುಪಾಸಿಗೆ ಅದು ಸಿಗುತ್ತದೆ. ಶಿವಮೊಗ್ಗದಲ್ಲಿ ಒಂದು ಸೈಟು ಕೊಳ್ಳುವಾಗ ನನ್ನ ತಂದೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆದು, ಮೂವತ್ತು ವರ್ಷಗಳ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ ಮೇಲೆಯೇ ಮುಂಗಡ ಕೊಟ್ಟಿದ್ದರು. ಅದನ್ನು ಕಣ್ಣಾರೆ ಕಂಡಿದ್ದ ನಾನು, ಯೂರೋಪಿನಲ್ಲಿ ಕಾಗದಪತ್ರಗಳೆಲ್ಲ ನೇರವಾಗಿಯೇ ಇರುತ್ತವೆ ಎಂಬ ನಂಬಿಕೆಯಿಂದ ಆ ಹತ್ತು ಯೂರೊ ಕೆಲಸವನ್ನು ಬಿಟ್ಟೆ. ಅರ್ರಾಸ್ ಎಂಬ ಮುಂಗಡ ಕರಾರಿಗೆ ಸಹಿ ಹಾಕಿ, ಶೇಕಡಾ 10ರಂತೆ 9,500 ಯೂರೊ ಕೊಟ್ಟೆ. ನಮ್ಮ ಕರಾರು ಅಲ್ಲಿನ ಸಿವಿಲ್ ಸಂಹಿತೆಯ 1454ನೇ ವಿಧಿಯಂತೆ ಇತ್ತು: ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಅದರ ಎರಡರಷ್ಟು ಕೊಡಬೇಕು.

ಆರು ವಾರಗಳ ನಂತರ ನೋಟರಿಯ ಕೋಣೆಯಲ್ಲಿ ಕ್ರಯಪತ್ರವನ್ನು ಓದಿ ಹೇಳುತ್ತಿದ್ದರು. ಮನೆ, ಅಂಗಳ, ಸೇಬಿನ ತೋಟ ಎಂದು ದುಭಾಷಿ ಮೆಲ್ಲಗೆ ಹೇಳುತ್ತ ಬಂದವರು, ‘ಓರ್ರಿಯೊದ ಅರ್ಧ’ ಎಂದರು. ನಾನು ಇನ್ನೊಮ್ಮೆ ಕೇಳಿದೆ. ಅರ್ಧವೇ. ಉಳಿದರ್ಧ ಪಕ್ಕದ ಮನೆಯ ನಾಲ್ವರು ಒಡಹುಟ್ಟಿದವರದು, ಅವರಲ್ಲಿ ಇಬ್ಬರು ಅರ್ಜೆಂಟೀನಾದಲ್ಲಿದ್ದಾರೆ. ನೆಲ ಒಬ್ಬರದು, ಅದರ ಮೇಲಿನ ಓರ್ರಿಯೊ ಇನ್ನೊಬ್ಬರದು ಅಥವಾ ಹಲವರದು ಆಗಿರುವುದು ಅಸ್ತೂರಿಯಾಸ್‌ನಲ್ಲಿ ಹೊಸದೇನಲ್ಲ. ಊರಿಗೆಲ್ಲ ಗೊತ್ತಿತ್ತು, ನೋಂದಣಿಯಲ್ಲೂ ಬರೆದಿತ್ತು. ಓದದವರು ನಾವು ಮಾತ್ರ. 9,500 ಯೂರೊ ಬಿಟ್ಟು ಎದ್ದು ಬರುವ ಧೈರ್ಯ ನಮಗಿರಲಿಲ್ಲ, ಸಹಿ ಹಾಕಿದೆವು.

ಎರಡನೆಯ ಚಳಿಗಾಲದಲ್ಲಿ ಓರ್ರಿಯೊದ ಹೆಂಚು ಜಾರಿತು. ಪಾಲುದಾರರೆಲ್ಲರ ಒಪ್ಪಿಗೆಯಿಲ್ಲದೆ, ಪಾರಂಪರಿಕ ಕಟ್ಟಡವಾದ್ದರಿಂದ ಸರ್ಕಾರದ ಅನುಮತಿಯೂ ಇಲ್ಲದೆ, ನಾವು ಏಣಿ ಇಡುವಂತಿರಲಿಲ್ಲ. ಎಲ್ಲ ಸಹಿಗಳು ಸೇರುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ, ತೊಡೆಯಷ್ಟು ದಪ್ಪದ ಚೆಸ್ಟ್‌ನಟ್ ತೊಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಉಗುರಿನವರೆಗೂ ಒಳಗೆ ಹೋಗುತ್ತಿತ್ತು. ದುರಸ್ತಿಯ 11,000 ಯೂರೊ ಪೂರ್ತಿ ನಾವೇ ಭರಿಸಿದೆವು.

ಆದ್ದರಿಂದ ಕಡಲೋ ಗುಡ್ಡವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾನೆಸ್‌ನ ಕಡಲ ತೀರದಿಂದ ಪೀಕೋಸ್ ದೆ ಯೂರೋಪಾ ಪರ್ವತಸಾಲಿನ ಬುಡಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಎಲ್ಲಿ ಕೊಂಡರೂ ಎರಡೂ ನಿಮ್ಮವೇ. ತೀರಕ್ಕೆ ತೀರ ಹತ್ತಿರದ ಮನೆಯಾದರೆ ಮಾತ್ರ 1988ರ ಕರಾವಳಿ ಕಾನೂನನ್ನು ವಕೀಲರಿಂದ ಕೇಳಿ ತಿಳಿಯಿರಿ: ಸಾಮಾನ್ಯವಾಗಿ 100 ಮೀಟರ್, ಮೊದಲೇ ಪಟ್ಟಣವಾಗಿದ್ದ ಕಡೆ 20 ಮೀಟರ್ ಪಟ್ಟಿಯೊಳಗೆ ಕಟ್ಟುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ.

ವಾಸದ ಅನುಮತಿ ಸಿಗುವ ಆಸೆಯಿಂದ ಕೊಳ್ಳುವುದಾದರೆ ದಯವಿಟ್ಟು ಕೊಳ್ಳಬೇಡಿ. ಆಸ್ತಿಯಲ್ಲಿ ಐದು ಲಕ್ಷ ಯೂರೊ ಹೂಡಿದವರಿಗೆ ಸಿಗುತ್ತಿದ್ದ ವೀಸಾ 2025ರ ಏಪ್ರಿಲ್ 3ಕ್ಕೆ ಕೊನೆಗೊಂಡಿತು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್‌ಗೆ ಸ್ಪೇನ್ ಸೇರಿದೆ, ಐರ್ಲೆಂಡ್ ಸೇರಿಲ್ಲ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಸ್ವಂತ ಮನೆಗೆ ಹೋಗಿ ಬರಲೂ ವೀಸಾ ಬೇಕು, ಅದೂ 180 ದಿನಗಳಲ್ಲಿ 90 ದಿನ ಮಾತ್ರ. ದೂರದಿಂದ ಕೆಲಸ ಮಾಡುವವರಿಗೆ 2023ರಿಂದ ಬೇರೆ ವೀಸಾ ಇದೆ. ಅದನ್ನು ಮೊದಲು ಪಡೆದು, ನವೆಂಬರಿನಿಂದ ಫೆಬ್ರವರಿಯವರೆಗೆ ಬಾಡಿಗೆಗೆ ಇದ್ದು ನೋಡಿ. ಅಲ್ಲಿ ಓರ್ಬಾಯು ಎನ್ನುವ ಸೋನೆಮಳೆ ಮಲೆನಾಡಿನವನಾದ ನನಗೆ ಹಿತವೆನಿಸಿತು, ನನ್ನ ಹೆಂಡತಿಗೆ ಗೋಡೆಯ ತೇವ ಇನ್ನೂ ಒಗ್ಗಿಲ್ಲ.

ಬೆಲೆಯ ಮೇಲೆ ಸುಮಾರು ಶೇಕಡಾ 8ರ ವರ್ಗಾವಣೆ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಧ್ಯವರ್ತಿ ತೋರಿಸಿದ ವಕೀಲರು ಬೇಡ, ನೀವೇ ಒಬ್ಬರನ್ನು ಹುಡುಕಿ. ನೋಟಾ ಸಿಂಪ್ಲೆಯನ್ನು ಹಿಡಿದು ಅಂಗಳದಲ್ಲಿ ನಿಂತು, ಕಣ್ಣಿಗೆ ಕಾಣುವ ಪ್ರತಿಯೊಂದೂ ಆ ಕಾಗದದಲ್ಲಿದೆಯೇ ಎಂದು ಹೋಲಿಸಿ ನೋಡಿ. ಅದರಲ್ಲಿ ‘ಮಿತಾದ್’ ಎಂಬ ಪದ ಕಂಡರೆ, ಅಂದರೆ ಅರ್ಧ ಎಂದಿದ್ದರೆ, ಉಳಿದರ್ಧ ಯಾರದೆಂದು ತಿಳಿಯುವವರೆಗೆ ಮುಂಗಡಕ್ಕೆ ಸಹಿ ಹಾಕಬೇಡಿ.