ಹಳೇ ಕಾಲದ ಡಿಪ್ರೆಶನ್ ಮಾತ್ರೆ ಮರಗಟ್ಟಿದ ಮನಸ್ಸನ್ನು ಎಬ್ಬಿಸುತ್ತಾ?

ನೀವು ಕೇಳಿದ್ದು ಇಷ್ಟು: ವರ್ಷದಿಂದ ಎಸ್ಸಿಟಾಲೊಪ್ರಾಮ್ ಅನ್ನುವ ಡಿಪ್ರೆಶನ್ ಮಾತ್ರೆ ತಗೊಳ್ತಾ ಇದ್ದೀರಿ, ಅಳು ನಿಂತಿದೆ, ಆದರೆ ನಗುವೂ ನಿಂತಿದೆ. ಮಗು ಓಡಿ ಬಂದು ತಬ್ಬಿದರೂ ಒಳಗೆ ಏನೂ ಆಗುವುದಿಲ್ಲ. ಈಗ ಡಾಕ್ಟರು ನಾರ್ಟ್ರಿಪ್ಟಿಲಿನ್ ಅನ್ನುವ ಹಳೇ ಮಾತ್ರೆಗೆ ಬದಲಿಸೋಣ ಅಂದಿದ್ದಾರೆ. ಅದರಿಂದ ಈ ಮರಗಟ್ಟಿದ್ದು ಬಿಡುತ್ತಾ, ಇನ್ನೂ ಜಾಸ್ತಿ ಆಗುತ್ತಾ?

ನಾನು ಡಾಕ್ಟರಲ್ಲ. ಕಾಸರಗೋಡಿನ ಬದಿಯಡ್ಕದ ಕಡೆ ಸ್ವಲ್ಪ ಅಡಿಕೆ ತೋಟ ಇರುವವನು, ನೀವು ಹೇಳಿದ ಎರಡೂ ಮಾತ್ರೆ ನುಂಗಿದವನು, ನುಂಗುವಾಗ ಸುಮ್ನೆ ಕೂರದೆ ಸಿಕ್ಕಿದ್ದನ್ನೆಲ್ಲ ಓದಿದವನು. ನನ್ನ ಉತ್ತರ: ಬಿಡಬಹುದು. ಆದರೆ ಹಳೇ ಮಾತ್ರೆಗಳೆಲ್ಲ ಒಂದೇ ಅಂದುಕೊಳ್ಳಬೇಡಿ, ಅವುಗಳಲ್ಲೇ ಅಜಗಜಾಂತರ ಇದೆ. ಅದಕ್ಕೂ ಮೊದಲು, ಮರಗಟ್ಟಿಸಿದ್ದು ಮಾತ್ರೆಯೋ ಕಾಯಿಲೆಯೋ ಅಂತ ಗೊತ್ತಾಗಬೇಕು.

ಯಾಕೆಂದರೆ ಯಾವುದರಲ್ಲೂ ಸುಖ ಕಾಣದೇ ಇರುವುದು ಡಿಪ್ರೆಶನ್ನಿನದೇ ಮುಖ್ಯ ಲಕ್ಷಣ. ಮಾತ್ರೆ ಶುರು ಮಾಡುವ ಮೊದಲೇ ನಿಮಗೆ ಊಟ ರುಚಿಸುತ್ತಿರಲಿಲ್ಲ, ಹಾಡು ಬೇಡ ಅನ್ನಿಸುತ್ತಿತ್ತು ಅಂದರೆ ಕಾಯಿಲೆಯೇ ಇನ್ನೂ ಪೂರ್ತಿ ಇಳಿದಿಲ್ಲ ಅಂತ ಇರಬಹುದು. ಆಗ ಮಾತ್ರೆ ಕಡಿಮೆ ಮಾಡಿದರೆ ಕೆಟ್ಟದ್ದೇ ಆಗುತ್ತದೆ. ಅದಲ್ಲ, ದುಃಖ ಹೋಯಿತು, ನಿದ್ದೆ ಸರಿಯಾಯಿತು, ಕೆಲಸಕ್ಕೂ ಹೋಗ್ತಾ ಇದ್ದೀರಿ, ಆದರೆ ಡೋಸ್ ಏರಿಸಿದ ಮೇಲೆ ಒಳ್ಳೆಯದೂ ತಾಗುವುದಿಲ್ಲ ಕೆಟ್ಟದ್ದೂ ತಾಗುವುದಿಲ್ಲ ಅಂತಾಗಿದ್ದರೆ ಮಾತ್ರೆಯ ಮೇಲೆ ಅನುಮಾನ ಪಡಬೇಕು. ನನ್ನದು ಎರಡನೆಯದು. ನಮ್ಮ ಊರಿನ ಗದ್ದೆಯಲ್ಲಿ ಬಯಲಾಟ, ತೆಂಕುತಿಟ್ಟಿನ ಚೆಂಡೆ ಏರುತ್ತಾ ಇದೆ, ಮಹಿಷಾಸುರ ದೊಂದಿ ಬೆಳಕಲ್ಲಿ ಜನರ ನಡುವಿನಿಂದ ಆರ್ಭಟಿಸುತ್ತಾ ಬರ್ತಾ ಇದ್ದಾನೆ, ಮಕ್ಕಳು ಚೀರಿ ಅಮ್ಮನ ಮಡಿಲಿಗೆ ಹಾರುತ್ತವೆ. ನಾನು ಟ್ಯೂಬ್‌ಲೈಟಿಗೆ ಮುತ್ತಿದ ಹುಳ ನೋಡುತ್ತಾ ಕೂತಿದ್ದೆ. ಬೇಜಾರೂ ಇರಲಿಲ್ಲ, ಅದೇ ವಿಚಿತ್ರ.

ಇದು ನಿಮ್ಮ ಮನಸ್ಸಿನ ಭ್ರಮೆ ಅಲ್ಲ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಡಿಪ್ರೆಶನ್ ಮದ್ದು ತಗೊಳ್ಳುವ 669 ಜನರನ್ನು ಕೇಳಿದರೆ 46% ಜನ ಭಾವನೆಗಳು ಮಂಕಾಗಿವೆ ಅಂದರು. ಕಾಯಿಲೆ ಇನ್ನೂ ಉಳಿದವರಲ್ಲಿ ಈ ಮಂಕು ಹೆಚ್ಚಿತ್ತು ಅಂತಲೂ ಅದರಲ್ಲೇ ಇದೆ, ಹಾಗಾಗಿ ತಪ್ಪನ್ನೆಲ್ಲ ಮಾತ್ರೆಯ ತಲೆಗೆ ಕಟ್ಟಲು ಆಗುವುದಿಲ್ಲ. 2023ರಲ್ಲಿ ಕೇಂಬ್ರಿಜ್‌ನವರದ್ದು ಇನ್ನೊಂದು ಅಧ್ಯಯನ ಬಂತು. ಕಾಯಿಲೆಯೇ ಇಲ್ಲದ 66 ಜನರಲ್ಲಿ ಸುಮಾರು ಅರ್ಧ ಜನಕ್ಕೆ ಕನಿಷ್ಠ ಮೂರು ವಾರ ಎಸ್ಸಿಟಾಲೊಪ್ರಾಮ್ ಕೊಟ್ಟರು, ಉಳಿದವರಿಗೆ ಮದ್ದಿಲ್ಲದ ಮಾತ್ರೆ. ನಿಜವಾದ ಮಾತ್ರೆ ತಗೊಂಡವರ ಮನಸ್ಸು ಇದು ಸರಿ, ಇದು ತಪ್ಪು ಅಂತ ಸಿಗುವ ಸೂಚನೆಗೆ ಅಷ್ಟಾಗಿ ಓಗೊಡಲಿಲ್ಲ. ಕಾಯಿಲೆ ಇಲ್ಲದವರಲ್ಲೇ ಹೀಗೆ ಅಂದರೆ ಲೆಕ್ಕ ಹಾಕಿ.

ಈಗ ಹಳೇ ಮಾತ್ರೆಗೆ ಬರೋಣ. ಇವು 1950ರ ದಶಕದ ಸರಕು. ಇಮಿಪ್ರಮಿನ್ ಡಿಪ್ರೆಶನ್ನಿಗೆ ಆಗುತ್ತದೆ ಅಂತ ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ಬರೆದದ್ದು 1957ರಲ್ಲಿ. ಆಮೇಲೆ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಕ್ಲೊಮಿಪ್ರಮಿನ್, ನಮ್ಮಲ್ಲಿ ಈಗಲೂ ಬರೆದುಕೊಡುವ ಡೊಥಿಯೆಪಿನ್ ಎಲ್ಲ ಬಂದವು. ಇವುಗಳಲ್ಲಿ ಕ್ಲೊಮಿಪ್ರಮಿನ್ ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕದ ಮೇಲೇ ಜೋರು, ನಿಮ್ಮ ಎಸ್ಸಿಟಾಲೊಪ್ರಾಮ್ ಕೆಲಸ ಮಾಡುವುದೂ ಅದರ ಮೇಲೆಯೇ. ಹಾಗಾಗಿ ನಿಮ್ಮ ತೊಂದರೆಗೆ ಅದು ಅಷ್ಟು ಒಳ್ಳೆಯ ಆಯ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಗಂಡ ಹೆಂಡತಿ ವಿಷಯದಲ್ಲಿ ಸುಖ ಸಿಗದೇ ಇರುವ ತೊಂದರೆ ಅದರಲ್ಲಿ ತುಂಬ ಜನಕ್ಕೆ ಆಗುತ್ತದೆ. ನಾರ್ಟ್ರಿಪ್ಟಿಲಿನ್ ಹಾಗಲ್ಲ, ಅದು ಮುಖ್ಯವಾಗಿ ನಾರ್‌ಅಡ್ರಿನಲಿನ್ ಅನ್ನುವ ಇನ್ನೊಂದು ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ಮೆದುಳಿನ ಮುಂಭಾಗದಲ್ಲಿ ಡೋಪಮಿನ್ ಅನ್ನು ವಾಪಸ್ ಎಳೆದುಕೊಳ್ಳುವ ಕೆಲಸವನ್ನೂ ಹೆಚ್ಚಾಗಿ ಈ ನಾರ್‌ಅಡ್ರಿನಲಿನ್ನಿನ ದಾರಿಯೇ ಮಾಡುವುದು. ಆ ದಾರಿ ಮುಚ್ಚಿದರೆ ಅಲ್ಲಿ ಡೋಪಮಿನ್ ಕೂಡ ಸ್ವಲ್ಪ ಏರುತ್ತದೆ. ಡೋಪಮಿನ್ ಅಂದರೆ ಬೇಕು ಅನ್ನಿಸುವುದಕ್ಕೆ, ಉಮೇದಿಗೆ ಸಂಬಂಧಪಟ್ಟದ್ದು. ನಿಮ್ಮ ಡಾಕ್ಟರು ಇದೇ ಲೆಕ್ಕದಲ್ಲಿ ಹೇಳಿರಬೇಕು.

ಅಮಿಟ್ರಿಪ್ಟಿಲಿನ್ ಮಾತ್ರ ಬೇರೆಯೇ ಥರ ಮಂಕು ಮಾಡುತ್ತದೆ. ನಿದ್ದೆ, ಬಾಯಿ ಒಣಗುವುದು, ತಲೆ ಭಾರ. ಮೈಗ್ರೇನಿಗೆ 10 ಎಂಜಿ ತಗೊಂಡವರೂ ಮಾರನೇ ದಿನ ಹತ್ತು ಗಂಟೆವರೆಗೆ ತೂಕಡಿಸುತ್ತಾರೆ. ಇದು ಮಂಪರು, ಒಂದು ಲೋಟ ಕಾಫಿಗೆ ಸ್ವಲ್ಪ ಬಿಡುತ್ತದೆ. ನೀವು ಹೇಳುವ ಮರಗಟ್ಟುವಿಕೆ ಎಷ್ಟು ಕಾಫಿಗೂ ಜಗ್ಗುವುದಿಲ್ಲ. ಡಾಕ್ಟರ ಹತ್ತಿರ ಹೇಳುವಾಗ ಇವೆರಡನ್ನು ಬೇರೆ ಬೇರೆ ಮಾಡಿ ಹೇಳಿ, ಇಲ್ಲದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಹಳೇ ಮಾತ್ರೆಯಲ್ಲಿ ಮರಗಟ್ಟುವುದು ಕಡಿಮೆ ಅಂತ ಹೇಳುವವರಿದ್ದಾರೆ, ನನ್ನ ಅನುಭವವೂ ಹಾಗೇ. ಆದರೂ ನನಗೊಂದು ತಕರಾರು ಇದೆ. ಆ ಕಾಲದಲ್ಲಿ ಇದನ್ನು ಸರಿಯಾಗಿ ಕೇಳಿದವರು ಯಾರು? ಡಿಪ್ರೆಶನ್ ಅಳೆಯಲು 1960ರಿಂದ ಬಳಸುವ ಹ್ಯಾಮಿಲ್ಟನ್ ಪಟ್ಟಿಯ 17 ಪ್ರಶ್ನೆಗಳಲ್ಲಿ ನಿದ್ದೆಯ ಬಗ್ಗೆಯೇ ಮೂರು ಇವೆ. ಆಸಕ್ತಿ ಹೋಗಿದೆಯಾ ಅನ್ನುವುದು ಕೆಲಸ ಮಾಡ್ತೀರಾ ಅನ್ನುವುದರ ಜೊತೆ ಸೇರಿ ಒಂದೇ ಒಂದು. ಮಾತ್ರೆಯಿಂದಲೇ ಭಾವನೆ ಮಂಕಾಯಿತಾ ಅನ್ನುವ ಪ್ರಶ್ನೆ ಅದರಲ್ಲಿ ಇಲ್ಲವೇ ಇಲ್ಲ. ಕೇಳದೇ ಇದ್ದದ್ದು ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ.

ಇನ್ನೊಂದು ಹಳೇ ಜಾತಿ ಇದೆ, ಎಂಎಒ ಇನ್‌ಹಿಬಿಟರ್ ಅಂತ. ಅದರ ಕಥೆ ಕೇಳಿದರೆ ಯಾರಿಗಾದರೂ ಆಸೆಯಾಗಬೇಕು. 1952ರ ಹೊತ್ತಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯದವರಿಗೆ ಇಪ್ರೊನಿಯಾಜಿಡ್ ಮತ್ತು ಅದೇ ಥರದ ಮದ್ದು ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಗಬಗಬ ಉಂಡು ವಾರ್ಡಲ್ಲಿ ಕುಣಿದರಂತೆ! ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಮೂರನ್ನೂ ಏರಿಸುವ ಮದ್ದು ಇದು. ಆದರೆ ಇಪ್ರೊನಿಯಾಜಿಡ್ ಲಿವರಿಗೆ ಪೆಟ್ಟು ಕೊಟ್ಟು ಮೂಲೆ ಸೇರಿತು. ಆಮೇಲೆ ಬಂದ ಫಿನೆಲ್ಜಿನ್, ಟ್ರಾನಿಲ್ಸಿಪ್ರೊಮಿನ್ ಇದ್ದರೂ ಪಥ್ಯ ಭಾರಿ ಕಷ್ಟ. ಹಳತಾದ ಚೀಸ್, ನಮ್ಮ ಕಡೆಯ ಒಣಮೀನು, ಕೆಲವು ನೆಗಡಿ ಮಾತ್ರೆ, ಇಂಥದ್ದು ಹೊಟ್ಟೆಗೆ ಹೋದರೆ ಬಿಪಿ ಏಕ್‌ದಂ ಏರಿ ಜೀವಕ್ಕೇ ಅಪಾಯ. ಅದರ ಗೊಡವೆ ಬಿಡಿ.

ನನಗೆ ಏನಾಯಿತು ಹೇಳ್ತೇನೆ. ಮೊದಲು ಇಸಿಜಿ ಮಾಡಿಸಿದರು, ಮಲಗಿಸಿ ಒಮ್ಮೆ ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಎಸ್ಸಿಟಾಲೊಪ್ರಾಮ್ ಇಳಿಸುತ್ತಾ ನಾರ್ಟ್ರಿಪ್ಟಿಲಿನ್ 25 ಎಂಜಿಯಿಂದ ಶುರು, ನಿಧಾನಕ್ಕೆ 75ಕ್ಕೆ. ಮೊದಮೊದಲು ಅಡಿಕೆ ಹೆಕ್ಕಲು ಬಗ್ಗಿ ಎದ್ದರೆ ಕಣ್ಣು ಕತ್ತಲೆ ಕಟ್ಟುತ್ತಿತ್ತು, ಕಂಗಿನ ಮರ ಹಿಡಿದು ನಿಲ್ಲಬೇಕು. ಹೊಟ್ಟೆ ಕಟ್ಟಿಹೋಯಿತು. ಆಮೇಲೆ ಮರಗಟ್ಟಿದ್ದು ಬಿಡಲು ಶುರುವಾಯಿತು, ಆದರೆ ಮೊದಲು ವಾಪಸ್ ಬಂದದ್ದು ಸಂತೋಷ ಅಲ್ಲ, ಸಿಟ್ಟು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಬರ್ತೇನೆ ಅಂದವನು ಬರಲಿಲ್ಲ ಅಂತ ಇಡೀ ದಿನ ಕೂಗಾಡಿದ್ದೆ. ಅಕ್ಕ ಗಾಬರಿಯಾಗಿ ಮಾತ್ರೆ ನಿಲ್ಲಿಸು ಅಂದಳು. ನನಗೋ ಒಳಗೊಳಗೇ ಖುಷಿ, ಏನೋ ಒಂದು ಆಗ್ತಾ ಇದೆಯಲ್ಲ ಅಂತ. ಆಮೇಲೆ ಯಾವತ್ತೋ ಸತ್ತ ಮಾವನ ನೆನಪಾಗಿ ಅಳು ಬಂತು. ತಿನ್ನುವ ಆಸೆ ಅದರ ನಂತರ. ತಮಾಷೆ ನೋಡಿ, ಹಲಸಿನಕಾಯಿ ಹಪ್ಪಳ ಬೇಕು ಅನ್ನಿಸಿದಾಗ ಬಾಯಲ್ಲಿ ಎಂಜಲೇ ಇಲ್ಲ, ಅಂಗುಳಕ್ಕೆ ಅಂಟಿ ಕೂತಿತು. ಬಾಯಿ ಒಣಗುತ್ತದೆ ಅಂತ ಎಲೆಅಡಿಕೆ ಶುರು ಮಾಡಬೇಡಿ. ಅಡಿಕೆ ಬೆಳೆಯುವ ನಾನೇ ಹೇಳ್ತಾ ಇದ್ದೇನೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಡೋಸ್ ಏರಿಸಿದಷ್ಟೂ ಸುಖ ಏರುತ್ತದೆ ಅಂತಲೂ ಇಲ್ಲ, ನಾರ್ಟ್ರಿಪ್ಟಿಲಿನ್ ರಕ್ತದಲ್ಲಿ ಒಂದು ಮಟ್ಟ ಮೀರಿದರೆ ಪ್ರಯೋಜನ ಕಡಿಮೆಯಾಗುವುದು ಹಳೇ ಸಂಗತಿ. ಬದಲಿಸುವ ಮೊದಲು ಎಸ್ಸಿಟಾಲೊಪ್ರಾಮ್ ಡೋಸ್ ಇಳಿಸಿ ನೋಡಬಹುದಾ, ಬುಪ್ರೊಪಿಯಾನ್ ಆಗುತ್ತದಾ ಅಂತಲೂ ಕೇಳಿ. ಅದು ಸೆರೊಟೋನಿನ್ ತಂಟೆಗೆ ಹೋಗದ ಮದ್ದು, ಆದರೆ ಫಿಟ್ಸ್ ಇರುವವರಿಗೆ ಕೊಡುವುದಿಲ್ಲ. ಥೈರಾಯ್ಡ್ ಒಮ್ಮೆ ನೋಡಿಸಿ.

ಒಂದು ವಿಷಯದಲ್ಲಿ ಮಾತ್ರ ಹಳೇ ಮಾತ್ರೆಗೆ ಹೆದರಲೇಬೇಕು. ಡೋಸ್ ಮೀರಿ ನುಂಗಿದರೆ ಹೊಸ ಮಾತ್ರೆಗಿಂತ ಇದರಲ್ಲಿ ಅಪಾಯ ಬಹಳ, ಹೃದಯದ ಬಡಿತವೇ ತಪ್ಪುತ್ತದೆ. ಮಗು ಇರುವ ಮನೆ, ಕಪಾಟಿಗೆ ಬೀಗ ಹಾಕಿ. ಸಾಯುವ ಯೋಚನೆ ಸುಳಿದರೂ ಮಾತ್ರೆ ಮನೆಯವರ ಕೈಯಲ್ಲಿ ಇರಲಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಹೃದಯದ ತೊಂದರೆ, ಗ್ಲಾಕೋಮಾ, ಪ್ರಾಸ್ಟೇಟ್ ಇದ್ದರೆ ಮೊದಲೇ ತಿಳಿಸಿ. ಫ್ಲುಒಕ್ಸೆಟಿನ್ ಅನ್ನುವ ಇನ್ನೊಂದು ಡಿಪ್ರೆಶನ್ ಮಾತ್ರೆ ಇತ್ತೀಚೆಗೆ ತಗೊಂಡಿದ್ದರೆ ಅದನ್ನೂ ತಿಳಿಸಿ. ಅದು ವಾರಗಟ್ಟಲೆ ಮೈಯಲ್ಲಿ ಉಳಿದು ರಕ್ತದಲ್ಲಿ ನಾರ್ಟ್ರಿಪ್ಟಿಲಿನ್ ಮಟ್ಟ ಏರಿಸುತ್ತದೆ.

ಮತ್ತೆ, ತಟ್ಟನೆ ನಿಲ್ಲಿಸಬೇಡಿ. 2020ರಲ್ಲಿ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನನ್ನ ಡಾಕ್ಟರು ಆ ಕಡೆ ಮಂಗಳೂರಲ್ಲಿ, ನಾನು ಈ ಕಡೆ. ಮಾತ್ರೆ ಮುಗಿದ ಮೇಲೆ ಓಕರಿಕೆ, ಬೆವರು, ಕಣ್ಣು ಮುಚ್ಚಿದರೆ ಸಿನೆಮಾದ ಹಾಗೆ ಕನಸು. ಕೊನೆಗೆ ಫೋನಲ್ಲೇ ಕೇಳಿ, ಹಳೇ ಚೀಟಿ ತೋರಿಸಿ ಕಾಸರಗೋಡು ಪೇಟೆಯಲ್ಲಿ ಸಿಕ್ಕಿತು. ನಿಮ್ಮ ಚೀಟಿಯಲ್ಲಿ ಮದ್ದಿನ ಹೆಸರು ಓದಲು ಬರುವ ಹಾಗೆ ಬರೆಸಿಕೊಳ್ಳಿ, ಅದರ ಫೋಟೋ ಫೋನಲ್ಲಿರಲಿ. ಇಸಿಜಿ ಆದ ಮೇಲೆ ಎಷ್ಟು ಎಂಜಿಯಿಂದ ಶುರು ಮಾಡಿದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡ್ತಾ ಇರ್ತೇನೆ.