ಮೋಟಾರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ) ಹಿಂದೆ ಜೀಪನ್ನು ನಾಲ್ಕೂ ಚಕ್ರ ನೆಲದ ಮೇಲಿರುವಂತೆ ಎಳೆದೊಯ್ಯಲು ಏನೇನು ಸಿದ್ಧತೆ ಬೇಕು?

ಮೊದಲು ಕೈಪಿಡಿ ತೆರೆಯಿರಿ; ಎಲ್ಲ ಗಾಡಿಗಳನ್ನೂ ಹೀಗೆ ಎಳೆಯಲಾಗದು. ಜೀಪ್ ರ‍್ಯಾಂಗ್ಲರ್‌ಗೆ ಇದು ಸಲೀಸು, ಅದರ ಟ್ರಾನ್ಸ್‌ಫರ್ ಕೇಸ್‌ಗೆ (ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್ ಇದೆ, ಅಂದರೆ ಚಕ್ರಗಳ ಸಂಪರ್ಕ ಕಡಿಯುವ ಸ್ಥಾನ. ಅದನ್ನು ನ್ಯೂಟ್ರಲ್‌ಗೆ ಹಾಕಿ, ಆಟೋಮ್ಯಾಟಿಕ್ ಗೇರನ್ನು ‘ಪಾರ್ಕ್’ನಲ್ಲಿಡಬೇಕು. ಕೇಳಲು ವಿಚಿತ್ರ, ಆದರೆ ಚಕ್ರಗಳು ಉರುಳುತ್ತಿದ್ದರೂ ಗೇರ್‌ಬಾಕ್ಸ್ ಒಳಗೆ ಏನೂ ತಿರುಗದು. ಸ್ಟೀರಿಂಗ್ ಲಾಕ್ ತೆರೆದಿರಲಿ.

ಎರಡು ಗಾಡಿಗಳನ್ನು ಜೋಡಿಸುವ ಸರಳು, ಅಂದರೆ ಟೋ ಬಾರ್, ಹೆಚ್ಚುಕಡಿಮೆ ಮಟ್ಟಸವಾಗಿರಬೇಕು. ಆಫ್‌ರೋಡಿಗಾಗಿ ಜೀಪನ್ನು ಎತ್ತರಿಸಿದವರು ಎಡವುವುದು ಇಲ್ಲೇ: ಬಾರ್ ಇಳಿಜಾರಾದರೆ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಜೀಪು ಮುಂದಿನ ಗಾಡಿಯ ಮೇಲೇರಲು ನೋಡುತ್ತದೆ. ಎತ್ತರ ಸರಿದೂಗಿಸುವ ಹಿಚ್ (ಮೋಟಾರ್‌ಹೋಮ್ ಹಿಂದೆ ಬಾರ್ ಸಿಕ್ಕಿಸುವ ಕೊಂಡಿ) ಹಾಕಿಸಿ. ಸುರಕ್ಷತಾ ಸರಪಳಿ, ಹಿಂದಿನ ದೀಪಗಳ ವೈರಿಂಗ್, ಜೀಪಿನ ಚಕ್ರಗಳನ್ನೇ ಹಿಡಿಯುವ ಪೂರಕ ಬ್ರೇಕ್, ಇವು ಕಡ್ಡಾಯವೆಂದೇ ತಿಳಿಯಿರಿ. ಜೋಡಿಸಿದ ಮೇಲೆ ರಿವರ್ಸ್ ಮಾತ್ರ ಬೇಡ. ಜೀಪಿನ ಮುಂದಿನ ಚಕ್ರಗಳು ಅಡ್ಡ ತಿರುಗಿ ಬಾರ್ ಬಾಗೀತು.